ಕಾಲಡಿ ಗುರುತಿಲ್ಲದ ಬಂಟ

ಮೂಡಲಪಾಳ್ಯ
30 ನವೆಂಬರ್ 1986

ಮುದ್ದಿನ ಮಗಳು ನೀಲಾಳಿಗೆ,

ಬಾಣಂತಿ ಮೈ ಹೇಗಿದೆ? ಹೆಣ್ಣು ಮಗು, ಇಬ್ಬರೂ ಕ್ಷೇಮ ಎಂದು ತಿಪಟೂರಿನಿಂದ ಅಳಿಯಂದಿರು ಕೊಟ್ಟ ತಂತಿ ಬಂದಾಗ ನಾನು ರಾಗಿ ಹಸನು ಮಾಡುತ್ತಿದ್ದೆ. ಮೊರ ಎತ್ತ ಹೋಯಿತೋ, ರಾಗಿ ಎತ್ತ ಹೋಯಿತೋ! ಇವತ್ತಿಗೂ ಅಂಗಳದಲ್ಲಿ ಗುಬ್ಬಿಗಳಿಗೆ ಹಬ್ಬ.

ಬಾಣಂತನಕ್ಕೆ ಬಾ ಎಂದು ಬರೆದಿದ್ದೀಯ. ಮೊಮ್ಮಗಳಿಗೆ ನೀರು ಹಾಕಿ ಮಲಗಿಸುವ ಆಸೆ ನನಗಿಲ್ಲವೇನೇ? ಮಂಡಿ ನೋವು, ತಾಯಿ. ಬಸ್ಸು ಹತ್ತಲಾರೆ. ಸದ್ಯಕ್ಕೆ ನಿನ್ನ ಅತ್ತೆ ರಾಮಮ್ಮನವರೇ ನೋಡಿಕೊಳ್ಳಲಿ. ಮಲಗಿ ಮಲಗಿ ಬೇಜಾರಾಗಿರುತ್ತದೆ. ಒಂದು ಕಥೆ ಹೇಳುತ್ತೇನೆ, ಹೂಂಗುಟ್ಟು.

ನಿನ್ನ ಮಹಡಿ ರೂಮಿಗೆ ಬಾಡಿಗೆಗೆ ಬಂದಿದ್ದಾರಲ್ಲ ವೆಂಕಟಸ್ವಾಮಿ ಮೇಷ್ಟ್ರು, ಜ್ಞಾನಭಾರತಿಯಲ್ಲಿ ಚರಿತ್ರೆ ಪಾಠ ಹೇಳುವವರು, ಅವರು ಆಯುಧಪೂಜೆ ಕಳೆದ ಮೇಲೆ ಗುಜರಿಯಿಂದ ಒಂದು ಬಿಸ್ಕತ್ತು ಡಬ್ಬಿ ತಂದರು. ಒಳಗೆಲ್ಲ ಕಿರುಬೆರಳಿನ ಅರ್ಧದಷ್ಟು ಸೀಸದ ಸಿಪಾಯಿಗಳು. ಕಬ್ಬಿಣದ ಟೋಪಿ, ಬಿಲ್ಲು, ಈಟಿ, ಕುದುರೆ. ಬಿಳಿಯರ ಸೀಮೆಯ ಹಳೇ ಕಾಲದ ರಾಜರ ದಂಡು. ಅಲ್ಲಿ ಮೀಸೆ ಬಂದ ಗಂಡಸರು ಇವನ್ನು ಮೇಜಿನ ಮೇಲೆ ಎದುರುಬದುರು ನಿಲ್ಲಿಸಿ, ದಾಳ ಹಾಕಿ ಯುದ್ಧ ಆಡುತ್ತಾರಂತೆ! ಮಾಡಿದವರ ಹೆಸರು ಕಾಲಡಿಯ ಬಿಲ್ಲೆಯಲ್ಲಿ ಅಚ್ಚಾಗಿರಬೇಕು. ಇವಕ್ಕೆ ಯಾವ ಗುರುತೂ ಇಲ್ಲ. ಯಾರ ಅಚ್ಚು ಎಂದು ಪತ್ತೆ ಹಚ್ಚುವುದೇ ಮೇಷ್ಟ್ರ ಹುಚ್ಚು. ಭೂತಗನ್ನಡಿ ಹಿಡಿದು ಕುದುರೆಯ ಕತ್ತು, ಮೂಗಿನ ತಿದ್ದು, ಬಿಲ್ಲೆಯ ಅಂಚು ನೋಡುವರು. ಸೀಮೆಯ ಚಿತ್ರದ ಪುಸ್ತಕಕ್ಕೆ ಹೋಲಿಸುವರು. "ಹೆಸರು ಮುಚ್ಚಿಡಬಹುದು ಅಮ್ಮಾ, ಮಾಡಿದ ಕೈ ಮುಚ್ಚಿಡಕ್ಕಾಗಲ್ಲ" ಎನ್ನುವರು.

ಡಬ್ಬಿಯಲ್ಲಿದ್ದವರಿಗೆಲ್ಲ ತೌರು ಸಿಕ್ಕಿತು. ಒಬ್ಬನಿಗೆ ಮಾತ್ರ ಸಿಗಲಿಲ್ಲ.

ಕಾಫಿ ಕೊಡಲು ಹೋದಾಗ, "ನಿಮ್ಮ ತಂದೆ ಗೊಂಬೆ ಮಾಡ್ತಿದ್ರಲ್ಲ, ಇವನ್ಯಾರು ಸ್ವಲ್ಪ ನೋಡಿ" ಎಂದರು. ಉಳಿದವರೆಲ್ಲ ಹೆಜ್ಜೆ ಎತ್ತಿದ್ದರು, ಕತ್ತಿ ಎತ್ತಿದ್ದರು. ಇವನು ಎರಡೂ ಕಾಲೂರಿ ಈಟಿಯನ್ನು ಅಡ್ಡ ಹಿಡಿದಿದ್ದ.

"ಇವ್ನು ಜಗಳಕ್ಕೆ ಹೊಂಟೋನಲ್ಲ ಮೇಷ್ಟ್ರೇ, ಬಾಗ್ಲು ಕಾಯೋನು" ಎಂದೆ.

"ಹಂಗಾದ್ರೆ ನೀವೇ ಕೆಲ್ಸಕ್ಕಿಟ್ಕೊಳ್ಳಿ, ಊಟನೂ ಕೇಳಲ್ಲ" ಎಂದು ನಕ್ಕರು.

ಮುಂದಿನ ವಾರ ನೋಡಿದರೆ ಅವನಿಗೆ ಬಣ್ಣ ಹಚ್ಚಿ, ಕಣ್ಣೂ ಬಿಡಿಸಿದ್ದರು. ನಾನು ಮೊದಲು ನೋಡಿದ್ದು ಆ ಕಣ್ಣನ್ನೇ. ನಿನ್ನ ತಾತ ಮುನೇಶ್ವರನ ಗುಡಿಗೆ ಮಣ್ಣಿನ ಕಾವಲಿನವರನ್ನು ಮಾಡುವಾಗ ಕಣ್ಣನ್ನು ಕಟ್ಟಕಡೆಗೆ ಬರೆಯುತ್ತಿದ್ದರು, ಅದೂ ಎದುರಿಗೆ ಕನ್ನಡಿ ಇಟ್ಟು. ಮೊದಲ ನೋಟ ಕನ್ನಡಿಗೇ ಬೀಳಬೇಕು. ಮನುಷ್ಯರ ಮೇಲೆ ಬಿದ್ದರೆ ಅವನು ಅವರನ್ನೇ ಕಾಯುತ್ತಾ ನಿಲ್ಲುತ್ತಾನೆ. ಒಳಗಿರುವುದನ್ನು ಹೊರಗೆ ಬಿಡುವುದಿಲ್ಲ ಎನ್ನುತ್ತಿದ್ದರು.

"ಕನ್ನಡಿ ಇಟ್ಟಿದ್ರಾ?" ಎಂದೆ.

"ಆಟದ ಗೊಂಬೆಗೆ ಕನ್ನಡಿ ಯಾಕಮ್ಮಾ? ಕ್ರಾಪ್ ಬಾಚ್ಕೋಬೇಕಾ?"

ಮೇಜಿನ ಎದುರು ಗೋಡೆಯಲ್ಲಿದ್ದದ್ದು ನಿನ್ನ ಮದುವೆಯ ಫೋಟೋ.

ನಾನು ಅವನನ್ನು ಕಿಟಕಿಯ ಕಡೆಗೆ ತಿರುಗಿಸಿ ಇಟ್ಟೆ. ಲೋಟ ತೊಳೆದು ಬರುವಷ್ಟರಲ್ಲಿ ಮತ್ತೆ ನಿನ್ನ ಕಡೆಗಿದ್ದ. ಮೇಷ್ಟ್ರು, "ನಾನು ಮುಟ್ಟಿಲ್ಲಮ್ಮಾ" ಎಂದರು. ಆಗ ಅವರೂ ನಗಲಿಲ್ಲ.

ಅಷ್ಟರಲ್ಲಿ ನಿನ್ನ ಕಾಗದ ಬಂತು. ದಿನ ತುಂಬಿ ಮೀರಿದೆ, ನೋವು ಬಂದು ಬಂದು ನಿಂತುಹೋಗುತ್ತಿದೆ, ಡಾಕ್ಟರಿಗೂ ತಿಳಿಯುತ್ತಿಲ್ಲ ಎಂದು ಬರೆದಿದ್ದೆ. ಕೊನೆಯಲ್ಲಿ, ಹೊಸಿಲ ಹತ್ತಿರ ಯಾರೋ ಕುಳ್ಳನೆಯವನು ನಿಂತ ಹಾಗಾಗುತ್ತದೆ, ನಗಬೇಡಮ್ಮ ಎಂದಿದ್ದೆ. ನಾನು ನಗಲಿಲ್ಲ ಕಣೇ.

ಕಣ್ಣು ಕೆರೆದುಬಿಡೋಣ ಎಂದರು ಮೇಷ್ಟ್ರು. ಬೇಡ ಎಂದೆ, ಕುರುಡನಾದ ಕಾವಲಿನವನು ಯಾರಿಗೂ ದಾರಿ ಬಿಡನು. ಅವನನ್ನು ಕೆಳಗೆ ತಂದು, ಕುಂಕುಮದ ಪೆಟ್ಟಿಗೆಯ ಕನ್ನಡಿ ಹಿಡಿದೆ. ಕನ್ನಡಿಯಲ್ಲಿ ಈಟಿ ಕಂಡಿತು, ಟೋಪಿ ಕಂಡಿತು. ಮುಖ ಇರಬೇಕಾದ ಕಡೆ ನಮ್ಮ ಮನೆಯ ಬಾಗಿಲು ಕಾಣುತ್ತಿತ್ತು.

ಆಮೇಲೆ ಏನೋ ಒಂದು ಉಪಾಯ ಮಾಡಿ ಸುಮ್ಮನಾಗಿಸಿದೆ. ಅಂದು ಗುರುವಾರ, ದೀಪ ಹಚ್ಚುವ ಹೊತ್ತು. ನಿನಗೆ ನೋವು ಬಿಡದೆ ಬಂದದ್ದೂ ಅದೇ ಹೊತ್ತಿಗೆ ಎಂದು ಅಳಿಯಂದಿರು ಬರೆದಿದ್ದಾರೆ. ಕಥೆ ಅಲ್ಲಿಗೆ ಸುಖವಾಗಿ ಮುಗಿಯಿತು.

ಕಿವಿಗೆ ಹತ್ತಿ ಇಟ್ಟುಕೋ. ತಣ್ಣೀರು ಮುಟ್ಟಬೇಡ. ಮಗುವಿನ ಹಣೆಗೆ ನನ್ನ ಹೆಸರಿನಲ್ಲಿ ಒಂದು ಮುತ್ತು ಕೊಡು.

ಇಂತಿ ನಿನ್ನ ಅಮ್ಮ,
ಚಿಕ್ಕಗಂಗಮ್ಮ

ತಾ.ಕ.: ಮೇಷ್ಟ್ರು ಕಾಗದವನ್ನು ಡಬ್ಬಕ್ಕೆ ಹಾಕಲು ಕಾದು ನಿಂತಿದ್ದಾರೆ, ಆದರೂ ಸುಳ್ಳು ಹೇಳಿ ಕಳಿಸಲು ಮನಸ್ಸಾಗಲಿಲ್ಲ. ನನ್ನ ಮಂಡಿ ಚೆನ್ನಾಗಿದೆ. ಆ ಉಪಾಯ ಬೇರೇನಲ್ಲ, ಅವನು ನೋಡುತ್ತಿದ್ದ ದಿಕ್ಕಿಗೆ ಅಡ್ಡ ಕೂತು, "ಮಗಳ್ನ ಬಿಡು, ನನ್ನ ಕಾಯಿ" ಎಂದೆ. ಒಪ್ಪಿದ. ಅಂದಿನಿಂದ ಮನೆ ಬಿಟ್ಟು ಹೊರಡಲು ನನ್ನನ್ನು ಬಿಡುತ್ತಿಲ್ಲ. ನಾನು ಹೇಳುವ ತನಕ ಮಗುವನ್ನು ಇಲ್ಲಿಗೆ ಕರೆತರಬೇಡ, ಅದರ ಫೋಟೋ ಕೂಡ ಕಳಿಸಬೇಡ. ತಂತಿಯನ್ನು ಗಟ್ಟಿಯಾಗಿ ಓದಿದಾಗಿನಿಂದ ಅವನು ಆಗಾಗ ತಿಪಟೂರಿನ ದಿಕ್ಕಿಗೆ ತಿರುಗುತ್ತಾನೆ. ತಿರುಗಿದಾಗಲೆಲ್ಲ ನಾನು ಎದ್ದು ಹೋಗಿ ಎದುರಿಗೆ ಕೂರುತ್ತೇನೆ.