ಖಾಲಿ ನೀರಿಗೆ ತೋರಿದ ಬೆರಳು

ಮಾರ್ಚ್ 9, ಭಾನುವಾರ. ಬೆಳಿಗ್ಗೆ 9.30

ಭಾವನ ಹಾಯಿದೋಣಿ. ಅಕ್ಕ, ಭಾವ, ನಾನು, ಅಕ್ಕನ ನಾಯಿ ಠೊಣಪ. ಗಾಳಿ ಹದವಾಗಿದೆ. ಕೈಯಲ್ಲಿರುವ ಅನುವಾದಿತ ಕಾದಂಬರಿಯ ನಲವತ್ತನೇ ಪುಟ. ಅನುವಾದಕ ಅವಸರ ಮಾಡಿದ್ದಾನೆ. "ಓದ್ತಾ ಕೂತ್ರೆ ಹಗ್ಗ ತಾನಾಗೇ ಎಳ್ಕೊಳತ್ತಾ, ಪಂಡಿತಮ್ಮಾ?" ಭಾವ ಕರೆಯುತ್ತಿದ್ದಾರೆ.

ಮಧ್ಯಾಹ್ನ 2.15. ಪಶುವೈದ್ಯರಲ್ಲಿ

ಠೊಣಪ ನೀರಿಗೆ ಬಿದ್ದ. ದೋಣಿ ತಿರುಗುವಾಗ ಹಾಯಿಯ ಅಡ್ಡಮರ ಬೀಸಿತು, ಬೆದರಿ ಜಾರಿದ. ಹಾಯಿದೋಣಿಗೆ ಬ್ರೇಕ್ ಇಲ್ಲ — ಮುಂದೆ ಹೋಗಿ ಸುತ್ತಿಕೊಂಡೇ ಬರಬೇಕು. ಅಷ್ಟರಲ್ಲಿ ಅಲೆಗಳಲ್ಲಿ ತಲೆ ಕಾಣದಾಗುತ್ತದೆ. ಹಾಗಾಗಿ ಒಬ್ಬರು ಬೇರೇನೂ ಮಾಡದೆ ಬಿದ್ದವರತ್ತ ಬೆರಳು ತೋರುತ್ತ ನಿಲ್ಲಬೇಕು. ಆ ಕೆಲಸ ನನಗೆ ಬಂತು.

"ಅವನ ಮೇಲಿಂದ ಕಣ್ಣು ಮಾತ್ರ ತೆಗೀಬೇಡಮ್ಮಾ!" ಭಾವ ಕೂಗಿದರು.

ಎರಡನೇ ಸುತ್ತಿಗೆ ಸಿಕ್ಕ. ಅಕ್ಕ ಅಂಚಿನಿಂದ ಜೋತುಬಿದ್ದು ಕೊರಳಪಟ್ಟಿ ಹಿಡಿದಳು. ಭಾವ ಅವಳ ಕಾಲು ಹಿಡಿದಿದ್ದರು.

ಡಾಕ್ಟರು ಕೇಳಿದರು: "ಪೂರ್ತಿ ಮುಳುಗಿದ್ನಾ? ಶ್ವಾಸಕೋಶಕ್ಕೆ ನೀರು ಹೋಗಿದ್ರೆ ಇಲ್ಲೇ ಇಟ್ಕೋಬೇಕು."

"ಇಲ್ಲ ಡಾಕ್ಟ್ರೇ. ನನ್ನ ತಂಗಿ ರೆಪ್ಪೆ ಕೂಡ ಮಿಟುಕಿಸಿಲ್ಲ." ಅಕ್ಕ ನನ್ನ ಭುಜ ಬಳಸಿ ನಿಂತಳು. ನಾನು ನೆಲ ನೋಡಿದೆ.

ಮನೆಗೆ ಕಳಿಸುತ್ತಿದ್ದಾರೆ. ಉಸಿರು ಎಣಿಸುತ್ತಿರಬೇಕು. ನಿಮಿಷಕ್ಕೆ ನಲವತ್ತು ದಾಟಿದರೆ ಕರೆತರಬೇಕು.

ಸಂಜೆ 6

ಇಲ್ಲಾದರೂ ಬರೆಯುತ್ತೇನೆ. ಕನ್ನಡಕಕ್ಕೆ ನೀರು ಸಿಡಿಯಿತು. ಒರೆಸಿಕೊಂಡೆ. ಮತ್ತೆ ನೋಡಿದರೆ ನಾಯಿ ಇಲ್ಲ. ಕೂಗಬೇಕಿತ್ತು... ಬೆರಳನ್ನು ಇಳಿಸಲೂ ಇಲ್ಲ. ಖಾಲಿ ನೀರನ್ನೇ ತೋರಿಸುತ್ತ ನಿಂತೆ. ಅದನ್ನು ನಂಬಿ ಭಾವ ದೋಣಿ ತಂದರು. ಮೊದಲ ಸುತ್ತು ತಪ್ಪಿದ್ದು ಅದಕ್ಕೇ. ಮೂವತ್ತು ಎಣಿಸುವಷ್ಟು ಹೊತ್ತು — ಹೆಚ್ಚೇ ಇರಬಹುದು — ಕಳೆದ ಮೇಲೆ ಎಡಕ್ಕೆ, ದೂರದಲ್ಲಿ, ತಲೆ ಎದ್ದಿತು. ಬೆರಳನ್ನು ಮೆಲ್ಲಗೆ ಅತ್ತ ಸರಿಸಿದೆ. ಅಲೆಯೇ ಒಯ್ದಿತೆಂದು ಅವರು ತಿಳಿದರು.

ಉಸಿರು 30.

ಮಾರ್ಚ್ 10. ಬೆಳಿಗ್ಗೆ 6.50

ಉಸಿರು 38. ಮಲಗುತ್ತಿಲ್ಲ. ಮುಂಗಾಲೂರಿ, ಕತ್ತು ಚಾಚಿ ಕೂತೇ ಇದ್ದಾನೆ. ಸಣ್ಣ ಕೆಮ್ಮು.

"ನಲವತ್ತಾಗಿಲ್ವಲ್ಲೇ, ನೀನ್ಯಾಕೆ ಜೀವ ಕೈಲಿ ಹಿಡ್ಕೊಂಡು ಕೂತಿದ್ದೀಯ?" ಎಂದು ಅಕ್ಕ ಸ್ನಾನಕ್ಕೆ ಹೋದಳು.

"ಪಂಡಿತಮ್ಮ ಇಲ್ದಿದ್ರೆ ಇವನು ಮೀನಿಗೆ ಊಟ ಆಗ್ತಿದ್ದ," ಎಂದರು ಭಾವ. ನಗಲಾಗಲಿಲ್ಲ.

7.05

39. ಒಸಡು ಬಿಳಿಚಿದೆ. ನಲವತ್ತೆಂಬ ಗಡಿ ಮುಳುಗದ ನಾಯಿಗೆ ಹೇಳಿದ್ದು. ಡಾಕ್ಟರಿಗೆ ಫೋನ್ ಮಾಡಬೇಕು. ಮುಳುಗಿದ್ದ, ಇಷ್ಟು ಹೊತ್ತು ಎನ್ನಬೇಕು. ಅದಕ್ಕೂ ಮೊದಲು ಅಕ್ಕನಿಗೆ. ನಿನ್ನೆ ಯಾಕೆ ಹೇಳಲಿಲ್ಲ ಎನ್ನುತ್ತಾಳೆ. ಎನ್ನಲಿ. ಅವಳು ಹೊರಗೆ ಬರುವವರೆಗೂ ಕಾಯುವುದಿಲ್ಲ. ಬಚ್ಚಲ ಬಾಗಿಲು ತಟ್ಟಿ ಹೇಳುತ್ತೇನೆ. ನೀರಿನ ಸದ್ದಿನಲ್ಲಿ ಕೇಳಿಸದಿದ್ದರೆ ಇನ್ನೊಮ್ಮೆ, ಗಟ್ಟಿಯಾಗಿ —