ಕುರಿಯ ಹಿಂದೆ ಹೋದವರಿಗೆ ಮನೆಯಿಲ್ಲವೇ?

ಮನೆ ಮಂಜೂರಾತಿ ಪಟ್ಟಿಗೆ ಸಹಿ ಮಾಡಿದ ಮಾನ್ಯರೇ,

ಠಾಣಾ ಕುಶನೂರ ಸಮೀಪದ ನಮ್ಮೂರಿನಲ್ಲಿ ಕಳೆದ ಮಳೆಗಾಲ ಹಳ್ಳ ಉಕ್ಕಿ, ಒಂದೇ ಬೆಳಿಗ್ಗೆ ಎರಡು ಮನೆಗಳನ್ನು ಕೆಡವಿತು. ಒಂದು ತಮ್ಮ ಮಂಜೂರಾತಿಯಿಂದ ಮರಳಿ ಎದ್ದಿದೆ. ಅದಕ್ಕೆ ಬೀಗ ಬಿದ್ದಿದೆ. ಇನ್ನೊಂದರ ಒಡತಿ ಹೀರಾಬಾಯಿ, ಬಸುರಿ ಸೊಸೆ ಆರತಿಯೊಡನೆ ಸಮುದಾಯ ಭವನದ ಪಡಸಾಲೆಯಲ್ಲಿದ್ದಾರೆ. ಸೋಮವಾರದೊಳಗೆ ಅದನ್ನೂ ತೆರವು ಮಾಡಬೇಕೆಂದು ತಮ್ಮ ನೋಟಿಸು ಬಂದಿದೆ. ತೆರವು ಮಾಡಿ ಎಲ್ಲಿಗೆ ಹೋಗಬೇಕೆಂಬುದು ಮಾತ್ರ ಅದರಲ್ಲಿಲ್ಲ.

ಪಟ್ಟಿಯಲ್ಲಿ ಹೀರಾಬಾಯಿಯ ಹೆಸರಿಲ್ಲ; ಅವರ ಕುಟುಂಬ 'ಕಾಯಂ ವಾಸಿ' ಅಲ್ಲವೆಂಬುದು ತಮ್ಮ ಕಾರಣ. ಆ ಕಾರಣವನ್ನು ತಮಗೆ ಒದಗಿಸಿದವನು ನಾನೇ. ಪಂಚನಾಮೆಗೆ ಸಾಕ್ಷಿಯಾಗಿ ಕರೆದಾಗ, ದೀಪಾವಳಿ ಮುಗಿದೊಡನೆ ಇವರು ಭಾಲ್ಕಿ ಕಡೆಯ ಹೊಲಗಳಿಗೆ ಕುರಿ ಹೊಡೆದುಕೊಂಡು ಹೋಗುತ್ತಾರೆ, ಏಳು ತಿಂಗಳು ಊರಲ್ಲಿರುವುದಿಲ್ಲ ಎಂದು ಬರೆಸಿದೆ. ಮೂವತ್ತನಾಲ್ಕು ವರ್ಷ ಮಕ್ಕಳ ಹಾಜರಿಯನ್ನು ತಪ್ಪಿಲ್ಲದೆ ಬರೆದವನ ಚಾಳಿ. "ನಿಮ್ಮಂಥ ಸಾಕ್ಷಿ ಸಿಗೂದಿಲ್ರಿ ಸರ್" ಎಂದರು ತಮ್ಮ ಗುಮಾಸ್ತರು. ನಾನು ಹಿಗ್ಗಿದೆ.

ಬೀಗ ಬಿದ್ದ ಮನೆ ಓಂಪ್ರಕಾಶ ಅವರದು. ಇಪ್ಪತ್ತು ವರ್ಷದಿಂದ ಅವರ ಸಂಸಾರ ಬೀದರಿನ ನೌಬಾದದಲ್ಲಿದೆ. ಊರಿಗೆ ಬರುವುದು ತೊಗರಿ ರಾಶಿಗೆ ಒಮ್ಮೆ. ಅವರು ಎಷ್ಟು ತಿಂಗಳು ಇಲ್ಲಿರುತ್ತಾರೆಂದು ತಮ್ಮವರು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರಿಸಬಾರದೆಂಬ ಶಿಸ್ತಿನಿಂದ ನಾನೂ ಹೇಳಲಿಲ್ಲ. ಕಾರಿನಲ್ಲಿ ಊರು ಬಿಟ್ಟವರು ಎಂದೆಂದಿಗೂ ಊರವರು, ಕುರಿಯ ಹಿಂದೆ ನಡೆದು ಹೋದವರು ಅಲೆಮಾರಿಗಳೇ? ತಾವೂ ವರ್ಗಾವಣೆಯಾದ ಊರಿನಲ್ಲಿದ್ದೀರಿ. ತಮ್ಮ ಹುಟ್ಟೂರಿನ ಮನೆ ಕುಸಿದರೆ ತಮ್ಮನ್ನು ಯಾರಾದರೂ ತಿಂಗಳ ಲೆಕ್ಕ ಕೇಳುವರೇ?

ಕ್ಷಮೆ ಕೇಳಲು ಪಡಸಾಲೆಗೆ ಹೋದೆ. ಹೀರಾಬಾಯಿ ಗೋಣಿತಟ್ಟು ಹಾಸಿ ಕೂಡಿಸಿದರು. "ಸುಳ್ಳ ಬರಸೀರಿ ಅನ್ನಂಗಿಲ್ರಿ ಮಾಸ್ತರ. ನಾವು ಹೋಗೂದು ಬರಸೀರಿ. ಮಿರಗದ ಮಳಿಗಿ ತಿರುಗಿ ಬರ್ತೇವಲ್ರಿ, ಅದ್ಯಾಕ ಬರಸಲಿಲ್ಲ?" ಎಂದರು.

ಆಕೆಯ ಅತ್ತೆ ಕಣ್ಣು ಮುಚ್ಚಿದ್ದು, ಮೂವರು ಮಕ್ಕಳು ಹುಟ್ಟಿದ್ದು ಆ ಮಣ್ಣಿನ ಮನೆಯಲ್ಲೇ ಎಂಬುದು ನನಗೆ ತಿಳಿಯದ್ದೇನಲ್ಲ.

ಆದ್ದರಿಂದ ಸೋಮವಾರದ ನೋಟಿಸನ್ನು ಹಿಂಪಡೆಯಿರಿ. ಪಂಚನಾಮೆಯನ್ನು ಮತ್ತೆ ನಡೆಸಿ, ನನ್ನ ಹೇಳಿಕೆಯನ್ನು ಪೂರ್ತಿ ಬರೆದುಕೊಳ್ಳಿ: ಈ ಮನೆತನ ಪ್ರತಿ ವರ್ಷ ಹೋಗುತ್ತದೆ, ಪ್ರತಿ ವರ್ಷ ಇಲ್ಲಿಗೇ ಮರಳುತ್ತದೆ. ಈ ಸಲವೂ ಅವರ ಗಂಡಸರು ಕುರಿಗಳೊಡನೆ ಹೋಗಿದ್ದಾರೆ, ಮಿರಗಕ್ಕೆ, ಮುಂಗಾರಿನ ಮೊದಲ ಮಳೆಗೆ, ಬರುತ್ತಾರೆ. ಯಾವ ಬಾಗಿಲಿಗೆ ಬರಬೇಕೆಂದು ತಾವೇ ತಿಳಿಸಿ.

ಇಂತಿ,
ನೆರೆಗೆ ಮನೆ ಬಿಟ್ಟು, ಅದು ಇಳಿದ ಒಂಬತ್ತನೇ ದಿನವೇ ತನ್ನ ಮನೆಗೆ ಮರಳಿದ,
ಆ ಪಂಚನಾಮೆಯ ಸಾಕ್ಷಿ,
ಒಬ್ಬ ನಿವೃತ್ತ ಶಿಕ್ಷಕ