ಬೆಳ್ಗಣ್ಣ ಹಕ್ಕಿಯೂ ನನ್ನ ಕಿವಿಯೂ

ಏಪ್ರಿಲ್ 4, ಬೆಳಿಗ್ಗೆ 8.40

ಕಾಡಿನ ಹತ್ತೂ ಪಾಯಿಂಟ್ ಮುಗಿಸಿ ಬಂದೆ. ಒಂದೊಂದರಲ್ಲೂ ಐದು ನಿಮಿಷ ಅಲ್ಲಾಡದೆ ನಿಂತು, ಕಿವಿಗೆ ಬಿದ್ದ ಹಕ್ಕಿಗಳನ್ನು ಎಣಿಸಿ ಬರೆಯುವುದು. ಹದಿನೆಂಟು ವರ್ಷದ ರೂಢಿ. ಬೆಳ್ಗಣ್ಣ — ಹನ್ನೊಂದು. ಹೋದ ವರ್ಷ ಇಪ್ಪತ್ತಾರು. ಅದರ ಹಿಂದಿನ ವರ್ಷ ನಲವತ್ತು. ಎಲ್ಲೆಲ್ಲೂ ಇರುತ್ತದೆಂದು ಯಾರೂ ತಲೆ ಎತ್ತಿ ನೋಡದ, ಕೀರಲು ದನಿಯ ಪುಟ್ಟ ಹಕ್ಕಿ. ಫ್ಲಾಸ್ಕಿನ ಚಹಾ ಹಾಗೇ ಉಳಿಯಿತು.

ಏಪ್ರಿಲ್ 5

ಅರಣ್ಯ ಇಲಾಖೆಯ ಆಫೀಸು. ಸಾಹೇಬರು ನನ್ನ ಎಣಿಕೆಯ ಶೀಟ್ ನೋಡಿ ಕನ್ನಡಕ ತೆಗೆದರು. "ತಪ್ಪು ತಿಳ್ಕೋಬೇಡಿ ಮೇಡಂ. ವಯಸ್ಸಾದ್ಮೇಲೆ ಇಂಥ ಕೀರಲು ದನಿನೇ ಮೊದ್ಲು ಕೇಳಿಸದೆ ಹೋಗೋದು. ಒಂದ್ಸಲ ಕಿವಿ ತೋರಿಸ್ಕೊಳ್ಳಿ. ಆಮೇಲೆ ಶೀಟ್ ಕಳಿಸೋಣ."

ಅಮ್ಮನಿಗೆ ಐವತ್ತಕ್ಕೇ ಕಿವಿ ಮಂದವಾಗಿತ್ತು. ನನಗೀಗ ಐವತ್ತೆರಡು. ಕಿವಿಯೂ ಹೋದರೆ ನನ್ನ ಹತ್ತಿರ ಇನ್ನೇನಿದೆ?

ಏಪ್ರಿಲ್ 11

ಇಷ್ಟು ದಿನ ಬರೆಯಲಿಲ್ಲ. ಭಯ.

ತಂಗಿ ಅಡುಗೆಮನೆಯಿಂದ ಕರೆದದ್ದು ಕೇಳಿಸಲಿಲ್ಲ. "ಏನಕ್ಕಾ, ಕಿವೀಲಿ ಹತ್ತಿ ಇಟ್ಕೊಂಡಿದ್ದೀಯಾ?" ಬೇರೆ ದಿನವಾದರೆ ರೇಗುತ್ತಿದ್ದೆ. ಇವತ್ತು ಖುಷಿಯಾಯಿತು. ಆಗಲೇ ಹೊಳೆದದ್ದು... ನಾನು ಕೆಪ್ಪಿಯಾಗಿದ್ದರೆ ಹಕ್ಕಿಗಳು ಇವೆ. ಕಾಣೆಯಾದ ಇಪ್ಪತ್ತೊಂಬತ್ತೂ ಅಲ್ಲೇ ಕೂತು ಹಾಡುತ್ತಿವೆ, ನನಗೆ ಕೇಳಿಸುತ್ತಿಲ್ಲ, ಅಷ್ಟೇ.

ದೇವರೇ, ನನ್ನ ಕಿವಿಯೇ ಹಾಳಾಗಿರಲಿ.

ಏಪ್ರಿಲ್ 14, ಮಧ್ಯಾಹ್ನ

ತಂಗಿಯ ಜೊತೆ ಕಿವಿ ಡಾಕ್ಟರ್ ಹತ್ತಿರ. ಪುಟ್ಟ ಗಾಜಿನ ಕೋಣೆ. ತಲೆಗೆ ಹೆಡ್‌ಫೋನ್, ಕೈಯಲ್ಲಿ ಬಟನ್. ದನಿ ಕೇಳಿದಾಗ ಒತ್ತಬೇಕು. ಕೀರಲು ದನಿ ಬಂದಾಗ ಒತ್ತದೆ ಸುಮ್ಮನಿದ್ದುಬಿಡಲೇ ಅನ್ನಿಸಿತು. ಹದಿನೆಂಟು ವರ್ಷ ಸುಳ್ಳು ಲೆಕ್ಕ ಬರೆಯದ ಬೆರಳು... ಒತ್ತಿಬಿಟ್ಟಿತು. ಪ್ರತಿ ಸಲವೂ.

"ಈ ವಯಸ್ಸಲ್ಲಿ ಇಷ್ಟು ಚುರುಕಾದ ಕಿವಿ ನಾನು ನೋಡೇ ಇಲ್ಲ" ಅಂದರು ಡಾಕ್ಟರ್.

"ಮತ್ತೆ ಮೊನ್ನೆ ನಾನು ಕರೆದಿದ್ದು ಕೇಳಿಸ್ಲಿಲ್ವಲ್ಲ?" ತಂಗಿ ಬಿಡಲಿಲ್ಲ.

"ಮನಸ್ಸು ಬೇರೆಲ್ಲೋ ಇದ್ದಿರುತ್ತೆ ಬಿಡಿ."

ತಂಗಿ ಹಿಗ್ಗಿ ಹೀರೇಕಾಯಿಯಾದಳು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. "ಒಳ್ಳೆ ಸುದ್ದಿ ಕೇಳಿ ಯಾರಾದ್ರೂ ಅಳ್ತಾರಾ ಅಕ್ಕಾ?" ಅವಳಿಗೆ ಹೇಗೆ ಹೇಳಲಿ.

ಏಪ್ರಿಲ್ 15, ಬೆಳಿಗ್ಗೆ 6.10

ಶೀಟ್ ಕಳಿಸುವ ಮುಂಚೆ ಇನ್ನೊಂದೇ ಸಲ. ಮೊದಲ ಪಾಯಿಂಟ್. ಹಿಂದೆಲ್ಲ ಇಲ್ಲೊಂದರಲ್ಲೇ ಆರು ಸಿಗುತ್ತಿದ್ದವು. ಗಾಳಿಯಿಲ್ಲ. ಜೊತೆಗೆ ತಂಗಿ, ಹಟ ಮಾಡಿ ಬಂದಿದ್ದಾಳೆ. ಅವಳ ಉಸಿರು ಕೇಳಿಸುತ್ತಿದೆ. ಗಡಿಯಾರದ ಟಿಕ್‌ಟಿಕ್ ಕೇಳಿಸುತ್ತಿದೆ. ಕಾಗದದ ಮೇಲೆ ಈ ಪೆನ್ಸಿಲ್ ಕೂಡ... ಮೂರು ನಿಮಿಷ. ನಾಲ್ಕು.

"ಅಕ್ಕಾ, ನಂಗೇನೂ ಕೇಳಿಸ್ತಿಲ್ಲ. ನಿಂಗೆ?"

ಸುಮ್ಮನಿರು ಎಂದು ಸನ್ನೆ ಮಾಡಿದೆ. ಐದೂ ಮುಗಿಯಿತು. ಬೆಳ್ಗಣ್ಣ — ಸೊನ್ನೆ.